ಡ್ಯುಬ್ಬೋಲ್ ದಿಬ್ಬ: ತೋಪಿನಿಂದ ಮತಪೆಟ್ಟಿಗೆಯವರೆಗೆ

ಡೆನ್ಮಾರ್ಕಿನ ದಕ್ಷಿಣದ ಅಂಚಿನಲ್ಲಿ ಸೊಂಡರ್‌ಬೋರ್ಗ್ ಎಂಬ ಬಂದರು ಊರಿದೆ. ಊರಿನ ಹಳೆಯ ಭಾಗವಿರುವುದು ಆಲ್ಸ್ ದ್ವೀಪದ ಮೇಲೆ. ದ್ವೀಪಕ್ಕೂ ಯೂಟ್ಲಂಡ್ ಪರ್ಯಾಯದ್ವೀಪಕ್ಕೂ ನಡುವೆ ಒಂದು ಹೊಳೆಯಷ್ಟು ಅಗಲದ ಕಡಲ ಕಾಲುವೆ. ಸೇತುವೆ ದಾಟಿ ಪಶ್ಚಿಮಕ್ಕೆ ಹೊರಟರೆ ರಸ್ತೆ ಹೊಲಗಳ ನಡುವೆ ಮೆಲ್ಲಗೆ ಏರತೊಡಗುತ್ತದೆ. ಏರು ಎಷ್ಟು ನಿಧಾನವೆಂದರೆ ಸೈಕಲ್ ಸವಾರನೂ ಇಳಿದು ತಳ್ಳಬೇಕಾಗಿಲ್ಲ. ಮೇಲೆ ಒಂದು ಬಿಳಿಯ ಗಾಳಿಗಿರಣಿ, ಸುತ್ತ ಹುಲ್ಲು ಬೆಳೆದ ಮಣ್ಣಿನ ದಿಣ್ಣೆಗಳು, ದಕ್ಷಿಣಕ್ಕೆ ವೆಮ್ಮಿಂಗ್‌ಬುಂಡ್ ಎಂಬ ಕೊಲ್ಲಿ, ಅದರಾಚೆ ಬ್ರೋಆಗರ್ ಭೂಶಿರ. ಇದೇ ಡ್ಯುಬ್ಬೋಲ್ ದಿಬ್ಬ. ಹಿಮಯುಗದ ಹಿಮರಾಶಿ ತಳ್ಳಿ ತಂದು ಬಿಟ್ಟುಹೋದ ಜೇಡಿ, ಮರಳು, ಗುಂಡುಕಲ್ಲುಗಳ ಬೋರೆ ಇದು. ಸಮುದ್ರಮಟ್ಟದಿಂದ ಅದರ ಅತಿ ಎತ್ತರದ ಜಾಗ 68 ಮೀಟರ್.

1864ರ ಏಪ್ರಿಲ್ 18ರಂದು ಇಲ್ಲಿ ನಡೆದದ್ದು ಕೆಲವೇ ಗಂಟೆಗಳ ಕಾಳಗ. ಅದರಿಂದ ಒಂದು ದೇಶ ಸುಮಾರು ಐದರಲ್ಲಿ ಎರಡು ಪಾಲು ನೆಲವನ್ನು ಕಳೆದುಕೊಂಡಿತು. ಇನ್ನೊಂದು ದೇಶ ಸಾಮ್ರಾಜ್ಯವಾಗುವ ದಾರಿ ಹಿಡಿಯಿತು. ಆದರೂ ಈ ದಿಬ್ಬದ ಕತೆಯಲ್ಲಿ ಅತಿ ಮುಖ್ಯವಾದ ದಿನ ಅದಲ್ಲ ಎಂಬುದು ನನ್ನ ನಂಬಿಕೆ. ಆ ದಿನ ಬರಲು ಇನ್ನೂ 56 ವರ್ಷ ಬೇಕಾಯಿತು.

ಜಗಳದ ಬೇರು ಶ್ಲೆಸ್ವಿಗ್ ಮತ್ತು ಹೋಲ್‌ಸ್ಟೈನ್ ಎಂಬ ಎರಡು ಡಚಿಗಳಲ್ಲಿತ್ತು. ಎರಡಕ್ಕೂ ಡೆನ್ಮಾರ್ಕಿನ ರಾಜನೇ ಒಡೆಯ. ಆದರೆ ಎರಡೂ ಡೆನ್ಮಾರ್ಕಿನ ಭಾಗವಾಗಿರಲಿಲ್ಲ. ಹೋಲ್‌ಸ್ಟೈನಿನ ಜನ ಜರ್ಮನ್ ಮಾತಾಡುತ್ತಿದ್ದರು, ಅದು ಜರ್ಮನ್ ಒಕ್ಕೂಟಕ್ಕೂ ಸೇರಿತ್ತು. ಶ್ಲೆಸ್ವಿಗ್ ಒಕ್ಕೂಟದ ಹೊರಗಿತ್ತು. ಅದರ ಉತ್ತರದಲ್ಲಿ ಡೇನಿಷ್, ದಕ್ಷಿಣದಲ್ಲಿ ಜರ್ಮನ್, ಪಶ್ಚಿಮ ಕರಾವಳಿಯಲ್ಲಿ ಫ್ರೀಸಿಯನ್, ನಡುವಿನ ಪಟ್ಟಿಯಲ್ಲಿ ಎಲ್ಲವೂ ಬೆರೆತ ಬದುಕು. ಒಂದೇ ಮನೆಯ ಅಣ್ಣತಮ್ಮಂದಿರಲ್ಲಿ ಒಬ್ಬ ತನ್ನನ್ನು ಡೇನ್ ಎಂದುಕೊಂಡರೆ ಇನ್ನೊಬ್ಬ ಜರ್ಮನ್ ಎಂದುಕೊಳ್ಳುವುದು ಸಾಧ್ಯವಿದ್ದ ನಾಡು ಅದು. ರಾಜ ಒಬ್ಬನೇ, ಪ್ರಜೆಗಳು ಹಲವು ಬಗೆ ಎಂಬ ಹಳೆಯ ಏರ್ಪಾಟಿನಲ್ಲಿ ಇದು ಹೇಗೋ ನಡೆದುಕೊಂಡು ಬಂದಿತ್ತು. ಹತ್ತೊಂಬತ್ತನೆಯ ಶತಮಾನದಲ್ಲಿ ಒಂದು ಭಾಷೆಗೆ ಒಂದು ರಾಷ್ಟ್ರ ಎಂಬ ವಿಚಾರ ಹಬ್ಬಿದ ಮೇಲೆ ಎರಡೂ ಕಡೆಯವರು ಶ್ಲೆಸ್ವಿಗ್ ಇಡಿಯಾಗಿ ತಮ್ಮದು ಎಂದು ಹಟ ಹಿಡಿದರು.

1848ರಿಂದ 1851ರವರೆಗೆ ಇದಕ್ಕಾಗಿ ಒಂದು ಯುದ್ಧವೇ ನಡೆದುಹೋಯಿತು. ಆಗಲೂ ಡ್ಯುಬ್ಬೋಲ್ ದಿಬ್ಬದ ಮೇಲೆ ಕಾದಾಟವಾಯಿತು, 1849ರಲ್ಲಿ ಗಿರಣಿ ನಾಶವಾಯಿತು. ಯುದ್ಧ ಡೆನ್ಮಾರ್ಕಿನ ಪರವಾಗಿ ಮುಗಿದದ್ದಕ್ಕೆ ರಷ್ಯ, ಬ್ರಿಟನ್‌ನಂಥ ದೊಡ್ಡ ದೇಶಗಳ ಒತ್ತಡ ಬಹುಪಾಲು ಕಾರಣ. ಡೇನರು ಮಾತ್ರ ಅದನ್ನು ತಮ್ಮ ತೋಳ್ಬಲದ ಗೆಲುವೆಂದು ನೆನಪಿಟ್ಟುಕೊಂಡರು. ಮುಂದಿನ ದುರಂತಕ್ಕೆ ಈ ತಪ್ಪು ನೆನಪೇ ಬೀಜವಾಯಿತು. ಶ್ಲೆಸ್ವಿಗ್ಗನ್ನು ಹೋಲ್‌ಸ್ಟೈನಿಗಿಂತ ಹೆಚ್ಚಾಗಿ ತನಗೆ ಅಂಟಿಸಿಕೊಳ್ಳುವುದಿಲ್ಲ ಎಂದು ಡೆನ್ಮಾರ್ಕ್ ಆಗ ಮಾತು ಕೊಟ್ಟಿತ್ತು.

1863ರ ನವೆಂಬರ್ 15ರಂದು ಏಳನೆಯ ಫ್ರೆಡರಿಕ್ ಮಕ್ಕಳಿಲ್ಲದೆ ತೀರಿಕೊಂಡ. ಪಟ್ಟಕ್ಕೆ ಬಂದ ಒಂಬತ್ತನೆಯ ಕ್ರಿಶ್ಚಿಯನ್ ಮೂರೇ ದಿನದಲ್ಲಿ ಹೊಸ ಸಂವಿಧಾನವೊಂದಕ್ಕೆ ಸಹಿ ಹಾಕಬೇಕಾಯಿತು. ಅದು ಶ್ಲೆಸ್ವಿಗ್ಗನ್ನು ಡೆನ್ಮಾರ್ಕಿನ ಜೊತೆ ಬಿಗಿಯುವ ಸಂವಿಧಾನ. ಕೊಟ್ಟ ಮಾತು ಅಲ್ಲಿಗೆ ಮುರಿಯಿತು. ಬರ್ಲಿನ್ನಿನಲ್ಲಿ ಪ್ರಷ್ಯದ ಪ್ರಧಾನಿಯಾಗಿ ಆಗಷ್ಟೇ ಒಂದು ವರ್ಷ ದಾಟಿದ್ದ ಬಿಸ್ಮಾರ್ಕ್ ಇಂಥದೊಂದು ನೆಪಕ್ಕಾಗಿಯೇ ಕಾದಿದ್ದ. ಆಸ್ಟ್ರಿಯವನ್ನೂ ಜೊತೆಗೆ ಎಳೆದುಕೊಂಡ. ಡೇನರು ಬ್ರಿಟನ್ ಬರುತ್ತದೆಂದು ನಂಬಿದರು. ಹೊಸ ರಾಜನ ಮಗಳು ಅಲೆಕ್ಸಾಂಡ್ರಾ ಅದೇ ವರ್ಷ ಬ್ರಿಟನ್ನಿನ ಯುವರಾಜನನ್ನು ಮದುವೆಯಾಗಿದ್ದಳು. ಸ್ವೀಡನ್ ಬರುತ್ತದೆಂದೂ ನಂಬಿದರು. ಸ್ಕ್ಯಾಂಡಿನೇವಿಯದ ಸೋದರಭಾವದ ಬಗ್ಗೆ ಅಷ್ಟು ವರ್ಷ ಅಷ್ಟೊಂದು ಭಾಷಣಗಳಾಗಿದ್ದವು. ಕೆಲವು ಸ್ವಯಂಸೇವಕರ ಹೊರತು ಯಾರೂ ಬರಲಿಲ್ಲ.

1864ರ ಫೆಬ್ರವರಿ 1ರಂದು ಪ್ರಷ್ಯ ಮತ್ತು ಆಸ್ಟ್ರಿಯದ ಸೈನ್ಯ ಐಡರ್ ನದಿ ದಾಟಿತು. ಅವರದು ಐವತ್ತು ಸಾವಿರ ಮೀರಿದ ಪಡೆ, ಡೇನರದು ನಲವತ್ತು ಸಾವಿರಕ್ಕೂ ಕಡಿಮೆ. ಡೇನರ ಭರವಸೆಯೆಲ್ಲ ಡಾನೆವಿರ್ಕೆಯ ಮೇಲಿತ್ತು. ಅದು ವೈಕಿಂಗರ ಕಾಲಕ್ಕೂ ಹಿಂದಿನಿಂದ ಕಟ್ಟುತ್ತ ಬಂದ, ಪರ್ಯಾಯದ್ವೀಪದ ಸೊಂಟಕ್ಕೆ ಅಡ್ಡಲಾದ ಮಣ್ಣಿನ ಗೋಡೆ. ಶತಮಾನಗಳಿಂದ ಹಾಡಿನಲ್ಲೂ ಚರಿತ್ರೆಯಲ್ಲೂ ಅದೇ ದೇಶದ ಬಾಗಿಲು. ಆದರೆ ಆ ಗೋಡೆಯ ಎರಡು ಪಕ್ಕಗಳನ್ನು ಕಾಯುತ್ತಿದ್ದದ್ದು ನೀರು ಮತ್ತು ಜವುಗು ನೆಲ. ಆ ಚಳಿಗಾಲ ಎರಡೂ ಹೆಪ್ಪುಗಟ್ಟಿದ್ದವು. ಸೇನಾಪತಿ ಡಿ ಮೆಜಾ ಎಪ್ಪತ್ತು ದಾಟಿದ ಮುದುಕ, ಗಾಳಿಬೀಸಿಗೆ ಹೆದರುವ, ಸಂಗೀತ ರಚಿಸುವ ವಿಚಿತ್ರ ಮನುಷ್ಯ. ಇಡೀ ಸರ್ಕಾರದಲ್ಲಿ ಯಾರಿಗೂ ಇಲ್ಲದ ಧೈರ್ಯವನ್ನು ತೋರಿದವನು ಅವನೇ. ಫೆಬ್ರವರಿ 5ರ ರಾತ್ರಿ ಸದ್ದಿಲ್ಲದೆ ಸೈನ್ಯವನ್ನು ಹಿಂದಕ್ಕೆ ಕರೆಸಿದ. ಹಿಮ ಬೀಳುತ್ತಿತ್ತು, ರಸ್ತೆ ಗಾಜಿನಂತೆ ಜಾರುತ್ತಿತ್ತು, ಕುದುರೆಗಳು ಎಡವಿ ಬೀಳುತ್ತಿದ್ದವು. ಭಾರದ ತೋಪುಗಳನ್ನೆಲ್ಲ ಬಿಟ್ಟು ಬರಬೇಕಾಯಿತು. ಆದರೆ ಸೈನ್ಯ ಉಳಿಯಿತು. ಕೋಪನ್‌ಹೇಗನ್ನಿನಲ್ಲಿ ಬೀದಿ ಹೊತ್ತಿ ಉರಿಯಿತು, ದ್ರೋಹವೆಂಬ ಕೂಗೆದ್ದಿತು. ಡಿ ಮೆಜಾ ಹುದ್ದೆ ಕಳೆದುಕೊಂಡ. ಡ್ಯುಬ್ಬೋಲಿನಲ್ಲಿ ಸರ್ಕಾರ ಏಕೆ ಅಷ್ಟು ಹಟ ಹಿಡಿಯಿತು ಎಂಬುದಕ್ಕೆ ಉತ್ತರ ಈ ಗದ್ದಲದಲ್ಲಿದೆ: ಇನ್ನೊಂದು ಹಿಂದೆಗೆತವನ್ನು ಜನರಿಗೆ ಹೇಳುವ ಎದೆ ಯಾವ ಮಂತ್ರಿಗೂ ಉಳಿದಿರಲಿಲ್ಲ.

ದಿಬ್ಬದ ಮೇಲೆ ಹತ್ತು ಮಣ್ಣಿನ ಬುರುಜುಗಳಿದ್ದವು. ವೆಮ್ಮಿಂಗ್‌ಬುಂಡಿನ ದಡದಿಂದ ಆರಂಭವಾಗಿ ಉತ್ತರದ ಕಡಲ ಕಾಲುವೆಯವರೆಗೆ, ಸುಮಾರು ಮೂರು ಕಿಲೋಮೀಟರ್ ಉದ್ದದ ಬಿಲ್ಲಿನಾಕಾರದಲ್ಲಿ. 1861ರಲ್ಲಿ ಕಟ್ಟಲು ಶುರುಮಾಡಿದ್ದ ಇವು ಯುದ್ಧ ಬಂದಾಗಲೂ ಪೂರ್ತಿಯಾಗಿರಲಿಲ್ಲ. ನಡುಚಳಿಗಾಲದಲ್ಲಿ ಸೈನಿಕರು ಹೆಪ್ಪುಗಟ್ಟಿದ ನೆಲವನ್ನು ಗುದ್ದಲಿಯಲ್ಲಿ ಒಡೆಯುತ್ತ ಕಂದಕ ತೋಡಿದರು. ಬುರುಜುಗಳ ಮುಂದೆ ಚೂಪು ಗೂಟಗಳು, ತಂತಿ, ಗುಂಡಿಗಳು; ಇವಲ್ಲದೆ ರೈತರ ಹಲುಬೆಗಳನ್ನು ತಂದು ಹಲ್ಲು ಮೇಲಾಗಿ ಮಗುಚಿ ಸಾಲಾಗಿ ಹಾಸಿದರು. ಬಿತ್ತನೆಗೆ ಮಣ್ಣು ಹದಮಾಡಬೇಕಾದ ಹಲುಬೆ, ಓಡಿಬರುವ ಮನುಷ್ಯನ ಪಾದ ಕಾಯುತ್ತ ಮಲಗಿತು.

ಈ ಕೋಟೆಯ ದೊಡ್ಡ ದೋಷ ಇದ್ದದ್ದು ದಕ್ಷಿಣದ ನೀರಿನಲ್ಲಿ. ಕೊಲ್ಲಿಯಾಚೆಯ ಬ್ರೋಆಗರ್ ಭೂಶಿರದಿಂದ ಹಾರಿಸಿದ ಗುಂಡು ದಿಬ್ಬ ಮುಟ್ಟುವುದಿಲ್ಲ ಎಂಬ ಲೆಕ್ಕದಲ್ಲಿ ಬುರುಜುಗಳ ಜಾಗ ಗೊತ್ತುಮಾಡಿದ್ದರು. ಹಳೆಯ ನುಣುಪು ನಳಿಗೆಯ ತೋಪುಗಳಿಗೆ ಆ ಲೆಕ್ಕ ಸರಿ. ಆದರೆ ಪ್ರಷ್ಯನ್ನರ ಬಳಿ ಹಿಂಬದಿಯಿಂದ ಗುಂಡು ತುಂಬುವ, ನಳಿಗೆಯೊಳಗೆ ಸುರುಳಿ ಗೀರುಗಳಿದ್ದ ಹೊಸ ತೋಪುಗಳಿದ್ದವು. ಗೀರಿನಿಂದ ತಿರುಗುತ್ತ ಹೊರಟ ಶೆಲ್ ಹೆಚ್ಚು ದೂರ, ಹೆಚ್ಚು ನೇರ ಹೋಗುತ್ತದೆ. ಮಾರ್ಚ್ 15ರಂದು ಬ್ರೋಆಗರಿನಿಂದ ಮೊದಲ ಶೆಲ್‌ಗಳು ನೀರು ದಾಟಿ ಬಂದು ಬುರುಜುಗಳ ಸಾಲಿಗೆ ಪಕ್ಕದಿಂದ ಹೊಡೆದಾಗ, ಕಂದಕದಲ್ಲಿದ್ದ ಸಾಮಾನ್ಯ ಸೈನಿಕನಿಗೂ ಈ ದಿಬ್ಬ ಉಳಿಯುವುದಿಲ್ಲ ಎಂಬುದು ತಿಳಿದುಹೋಗಿರಬೇಕು. ಎದುರಿನಿಂದ ಬರುವ ಗುಂಡಿಗೆ ಮಣ್ಣಿನ ಗೋಡೆ ಅಡ್ಡವಿದೆ. ಪಕ್ಕದಿಂದ ಬಂದದ್ದಕ್ಕೆ ಏನೂ ಇಲ್ಲ. ಕೈಬಂದೂಕಿನಲ್ಲೂ ಇದೇ ಅಂತರ. ಪ್ರಷ್ಯದ ಸೂಜಿ ಬಂದೂಕಿಗೆ ಮಲಗಿಕೊಂಡೇ ಗುಂಡು ತುಂಬಬಹುದಿತ್ತು. ಡೇನರ ಬಂದೂಕಿಗೆ ಬಾಯಿಯಿಂದ ಮದ್ದು ಇಡಿಯಲು ಎದ್ದು ನಿಲ್ಲಬೇಕಿತ್ತು.

ಡೇನರ ಬಳಿ ಇದ್ದ ಒಂದೇ ಹೊಸ ಆಯುಧ ರೋಲ್ಫ್ ಕ್ರಾಕೆ. ಕಬ್ಬಿಣದ ಕವಚ ಹೊದ್ದ, ತಿರುಗುವ ತೋಪುಗೋಪುರದ ಈ ನೌಕೆ 1863ರಲ್ಲಿ ಸ್ಕಾಟ್ಲಂಡಿನ ಗ್ಲಾಸ್ಗೋದಲ್ಲಿ ತಯಾರಾಗಿ ಬಂದಿತ್ತು. ಆದರೆ ಒಂದು ಹಡಗು ಒಂದು ಕೊಲ್ಲಿಯನ್ನು ಎಷ್ಟು ದಿನ ಕಾದೀತು?

ಮಾರ್ಚ್ 28ರಂದು ಪ್ರಷ್ಯನ್ನರು ಮುನ್ನುಗ್ಗಿದ್ದನ್ನು ಡೇನರು ಹಿಮ್ಮೆಟ್ಟಿಸಿದರು. ಆಮೇಲೆ ಅವರ ಪಡೆ ನಡೆಸುತ್ತಿದ್ದ ಪ್ರಷ್ಯದ ರಾಜಕುಮಾರ ಫ್ರೀಡ್ರಿಷ್ ಕಾರ್ಲ್ ಅವಸರ ಬಿಟ್ಟು ಮುತ್ತಿಗೆಗೆ ಕೂತ. ರಾತ್ರಿ ರಾತ್ರಿ ಕಂದಕ ತೋಡಿಸುತ್ತ, ಸಾಲಿನ ಮುಂದೆ ಸಾಲಾಗಿ, ಬುರುಜುಗಳಿಂದ ಕೆಲವು ನೂರು ಮೀಟರ್ ಸಮೀಪಕ್ಕೆ ಬಂದ. ಏಪ್ರಿಲ್ 2ರಿಂದ ಸೊಂಡರ್‌ಬೋರ್ಗ್ ಪೇಟೆಯ ಮೇಲೆಯೇ ಶೆಲ್ ಸುರಿಯಿತು. ಊರಿನವರಿಗೆ ಮುನ್ಸೂಚನೆ ಇರಲಿಲ್ಲ. ಮನೆಗಳು ಸಾಲುಸಾಲಾಗಿ ಸುಟ್ಟವು, ಹೆಂಗಸರು ಮಕ್ಕಳು ಸತ್ತರು, ಉಳಿದವರು ಕೈಗೆ ಸಿಕ್ಕಿದ್ದನ್ನು ಹೊತ್ತು ದ್ವೀಪದ ಒಳಹಳ್ಳಿಗಳಿಗೆ ಓಡಿದರು. ದಿಬ್ಬದ ಮೇಲೆ ಹಗಲು ಒಡೆದದ್ದನ್ನು ರಾತ್ರಿ ಕಟ್ಟುವುದು, ಮರುದಿನ ಮತ್ತೆ ಒಡೆಯುವುದನ್ನು ನೋಡುವುದು. ಹೀಗೆ ಎರಡು ವಾರ.

ಈ ಹೊತ್ತಿಗೆ ಡಿ ಮೆಜಾನ ಜಾಗಕ್ಕೆ ಬಂದಿದ್ದ ಜನರಲ್ ಗೆರ್ಲಾಕ್‌ಗೆ ದಿಬ್ಬ ಬಿಟ್ಟು ಆಲ್ಸ್ ದ್ವೀಪಕ್ಕೆ ಸರಿಯುವುದೇ ಸರಿಯೆನಿಸಿತ್ತು. ಕೋಪನ್‌ಹೇಗನ್ನಿಗೆ ತಂತಿ ಹೋಯಿತು. ಕೊನೆಯವರೆಗೂ ಹಿಡಿದು ನಿಲ್ಲಬೇಕು ಎಂದು ಉತ್ತರ ಬಂತು. ಪ್ರಧಾನಿ ಮೊನ್ರಾಡ್‌ಗೆ ಲಂಡನ್ನಿನಲ್ಲಿ ಸೇರಲಿದ್ದ ಶಾಂತಿ ಸಮ್ಮೇಳನದ ಚಿಂತೆ. ಅಲ್ಲಿ ಕೂರುವಾಗ ಡ್ಯುಬ್ಬೋಲ್ ಕೈಯಲ್ಲಿರಬೇಕು. ಬಿಸ್ಮಾರ್ಕ್‌ನಿಗೂ ಅದೇ ಸಮ್ಮೇಳನದ ಚಿಂತೆ. ಅಲ್ಲಿ ಕೂರುವ ಮೊದಲು ಒಂದು ಗೆಲುವು ಬೇಕು. ಎರಡು ರಾಜಧಾನಿಗಳಲ್ಲಿ ಮೇಜಿನ ಮುಂದೆ ಕೂತವರಿಗೆ ಬೇಕಾದ ಒಂದೇ ದಿನಾಂಕಕ್ಕಾಗಿ ದಿಬ್ಬದ ಮೇಲೆ ರೈತರ ಮಕ್ಕಳು ಸಾಯಬೇಕಾಯಿತು. ಇದನ್ನು ಬೇರೆ ಯಾವ ಬಗೆಯಲ್ಲೂ ಹೇಳಲು ನನಗೆ ಮನಸ್ಸಿಲ್ಲ.

ಏಪ್ರಿಲ್ 18 ಸೋಮವಾರ. ಬೆಳಗಿನ ಜಾವ 4 ಗಂಟೆಗೆ ಪ್ರಷ್ಯದ ತೋಪುಗಳೆಲ್ಲ ಒಟ್ಟಿಗೆ ಬಾಯಿಬಿಟ್ಟವು. ಆರು ಗಂಟೆಗಳ ಕಾಲ, ಸುಮಾರು 8,000 ಶೆಲ್. ಬುರುಜುಗಳೊಳಗಿನ ಮರದ ಆಸರೆಮನೆಗಳು ಸೌದೆಯಾದವು, ತೋಪುಗಳು ಮಗುಚಿಬಿದ್ದವು. ಶೆಲ್ಲಿನ ಹೊಡೆತ ತಪ್ಪಿಸಲು ಡೇನರು ಹೆಚ್ಚಿನ ಪಡೆಯನ್ನು ಹಿಂದಕ್ಕೆ ಸರಿಸಿದ್ದರು. ಹತ್ತು ಗಂಟೆಗೆ ಸದ್ದು ಒಮ್ಮೆಲೇ ನಿಂತಿತು. ಮರುಕ್ಷಣ ಸಮೀಪದ ಕಂದಕಗಳಿಂದ ಸುಮಾರು 10,000 ಪ್ರಷ್ಯನ್ ಸೈನಿಕರು ಆರು ತಂಡಗಳಾಗಿ ಎದ್ದು ಓಡಿದರು. ಹಿಂದಿನಿಂದ ಸುಮಾರು 300 ವಾದ್ಯಗಾರರು ರಣವಾದ್ಯ ನುಡಿಸುತ್ತಿದ್ದರು. ಅವರನ್ನು ನಡೆಸುತ್ತಿದ್ದವನು ಪೀಫ್ಕೆ ಎಂಬ ಬ್ಯಾಂಡ್ ಮೇಸ್ತ್ರಿ. ಆ ಓಟದ ದೂರ ಎಷ್ಟು ಕಡಿಮೆಯಾಗಿತ್ತೆಂದರೆ, ಹಿಂದೆ ಸರಿದಿದ್ದ ಡೇನರು ತಮ್ಮ ಜಾಗಕ್ಕೆ ಮರಳುವಷ್ಟರಲ್ಲಿ ಹಲವೆಡೆ ಶತ್ರು ಬುರುಜು ಹತ್ತಿಯಾಗಿತ್ತು. ಮೊದಲ ಆರು ಬುರುಜುಗಳು ಅರ್ಧ ಗಂಟೆಯೊಳಗೆ ಕೈಬಿಟ್ಟುಹೋದವು.

ಎರಡನೆಯ ಬುರುಜಿನ ಬಳಿ ಕ್ಲಿಂಕೆ ಎಂಬ ಪ್ರಷ್ಯನ್ ಸೈನಿಕ ಮದ್ದಿನ ಚೀಲದೊಡನೆ ತನ್ನನ್ನೇ ಸಿಡಿಸಿಕೊಂಡು ಗೋಡೆ ಒಡೆದನೆಂಬ ಕತೆ ಜರ್ಮನಿಯಲ್ಲಿ ಬಹುಕಾಲ ನಡೆಯಿತು. ಕವಿ ಫೊಂಟಾನೆ ಅವನ ಮೇಲೆ ಪದ್ಯ ಬರೆದ. ಅವನ ಸಾವು ಅಷ್ಟು ನಾಟಕೀಯವಾಗಿತ್ತೇ ಎಂಬ ಸಂದೇಹ ಆಗಿನಿಂದಲೂ ಇದೆ. ಗೆದ್ದವರಿಗೂ ಒಬ್ಬ ಹುತಾತ್ಮ ಬೇಕಾಗುತ್ತಾನೆ.

ನನ್ನ ಗಮನ ಮಾತ್ರ ಡೇನರ ಎಂಟನೆಯ ಬ್ರಿಗೇಡಿನ ಕಡೆಗೇ ಹೋಗುತ್ತದೆ. ಹಿಂದೆ ಕಾಯುತ್ತಿದ್ದ ಈ ಪಡೆ, ಬುರುಜುಗಳ ಸಾಲು ಬಿದ್ದುಹೋಗಿದೆ ಎಂದು ತಿಳಿದೂ, ದಿಬ್ಬದ ತೆರೆದ ಮೈಯ ಮೇಲೆ ಬಯೊನೆಟ್ ಹಿಡಿದು ಮೇಲಕ್ಕೆ ಓಡಿತು. ಗಿರಣಿಯವರೆಗೆ ಪ್ರಷ್ಯನ್ನರನ್ನು ಹಿಂದಕ್ಕೆ ಒತ್ತಿತು. ಸುಮಾರು 2,900 ಮಂದಿಯಲ್ಲಿ ಅರ್ಧದಷ್ಟು ಜನ ಆ ಸ್ವಲ್ಪ ಹೊತ್ತಿನಲ್ಲಿ ಸತ್ತರು, ಗಾಯಗೊಂಡರು ಇಲ್ಲವೇ ಸೆರೆಸಿಕ್ಕರು. ದಿಬ್ಬ ಮರಳಿ ಸಿಗಲಿಲ್ಲ. ಆದರೆ ಅವರು ಗಳಿಸಿಕೊಟ್ಟ ಹೊತ್ತಿನಲ್ಲಿ ಉಳಿದ ಪಡೆಗಳು ತೇಲುಸೇತುವೆಗಳನ್ನು ದಾಟಿ ಸೊಂಡರ್‌ಬೋರ್ಗ್ ಸೇರಿಕೊಂಡವು. ಮಧ್ಯಾಹ್ನ ಎರಡರ ಹೊತ್ತಿಗೆ ಎಲ್ಲ ಮುಗಿದಿತ್ತು. ಡೇನರ ಕಡೆ ಸತ್ತವರು, ಗಾಯಾಳುಗಳು, ಕೈದಿಗಳು ಸೇರಿ ಸುಮಾರು 4,800. ಪ್ರಷ್ಯದ ಕಡೆ ಸುಮಾರು 1,200. ಡೇನರ ಜನರಲ್ ಡು ಪ್ಲಾಟ್ ದಿಬ್ಬದ ಮೇಲೆಯೇ ಸತ್ತ, ಪ್ರಷ್ಯದ ಜನರಲ್ ಫಾನ್ ರಾವೆನ್ ಗಾಯದಿಂದ ತೀರಿಕೊಂಡ. ಗಿರಣಿ ಮತ್ತೆ ಪಾಳುಬಿತ್ತು. ಫ್ಲೆನ್ಸ್‌ಬುರ್ಗಿನ ಛಾಯಾಗ್ರಾಹಕ ಫ್ರೀಡ್ರಿಷ್ ಬ್ರಾಂಟ್ ಕ್ಯಾಮರಾ ಹೊತ್ತು ಬಂದು ಒಡೆದ ಬುರುಜುಗಳ ಚಿತ್ರ ತೆಗೆದ. ಆ ಚಿತ್ರಗಳು ಇಂದಿಗೂ ಉಳಿದಿವೆ.

ಈ ದಿಬ್ಬದ ಆಸುಪಾಸಿನಲ್ಲಿ ಇನ್ನೊಂದು ಸಂಗತಿಯೂ ನಡೆಯಿತು, ಆಗ ಅದನ್ನು ಯಾರೂ ಅಷ್ಟಾಗಿ ಗಮನಿಸಲಿಲ್ಲ. ಹಿಂದಿನ ವರ್ಷವಷ್ಟೇ ಜಿನೀವಾದಲ್ಲಿ, ಯುದ್ಧದಲ್ಲಿ ಗಾಯಗೊಂಡವರ ಆರೈಕೆಗೆಂದು ಆನ್ರಿ ಡ್ಯುನಾನ್ ಮತ್ತು ಸಂಗಡಿಗರ ಸಮಿತಿಯೊಂದು ಹುಟ್ಟಿತ್ತು. ಆ ಸಮಿತಿ ಈ ಯುದ್ಧಕ್ಕೆ ಇಬ್ಬರನ್ನು ಕಳಿಸಿತು. ಡಾಕ್ಟರ್ ಲೂಯಿ ಆಪಿಯಾ ಪ್ರಷ್ಯದ ಕಡೆ ಹೋದ, ಡಚ್ ಕ್ಯಾಪ್ಟನ್ ವಾನ್ ಡೆ ವೆಲ್ಡೆ ಡೇನರ ಕಡೆ. ಬಿಳಿ ಪಟ್ಟಿಯ ಮೇಲೆ ಕೆಂಪು ಶಿಲುಬೆಯ ಗುರುತು ತೋಳಿಗೆ ಕಟ್ಟಿಕೊಂಡು ರಣರಂಗಕ್ಕೆ ಬಂದ ಮೊದಲಿಗರು ಅವರು. ಡೇನರು ವಾನ್ ಡೆ ವೆಲ್ಡೆಯನ್ನು ಅಷ್ಟೇನೂ ಆದರದಿಂದ ಕಾಣಲಿಲ್ಲ. ಆದರೂ ಅದೇ ಆಗಸ್ಟಿನಲ್ಲಿ ಮೊದಲ ಜಿನೀವಾ ಒಪ್ಪಂದಕ್ಕೆ ಸಹಿ ಹಾಕಿದ 12 ದೇಶಗಳಲ್ಲಿ ಡೆನ್ಮಾರ್ಕ್ ಮತ್ತು ಪ್ರಷ್ಯ ಎರಡೂ ಇದ್ದವು.

ಲಂಡನ್ ಸಮ್ಮೇಳನ ಏಪ್ರಿಲ್ 25ರಂದು ಕೂತಿತು. ಶ್ಲೆಸ್ವಿಗ್ಗನ್ನು ಭಾಷೆಯ ಪ್ರಕಾರ ಎಲ್ಲೋ ನಡುವೆ ಹಂಚಿಕೊಳ್ಳುವ ಸಲಹೆಗಳು ಅಲ್ಲಿ ಗಂಭೀರವಾಗಿ ಚರ್ಚೆಯಾದವು. ಗೆರೆ ಎಲ್ಲಿ ಎಂಬುದರ ಮೇಲೆ ಒಪ್ಪಿಗೆಯಾಗಲಿಲ್ಲ, ಸಮ್ಮೇಳನ ಜೂನ್ 25ಕ್ಕೆ ಮುರಿಯಿತು. ನಾಲ್ಕು ದಿನದಲ್ಲಿ ಪ್ರಷ್ಯನ್ನರು ರಾತ್ರಿ ದೋಣಿಗಳಲ್ಲಿ ಕಾಲುವೆ ದಾಟಿ ಆಲ್ಸ್ ದ್ವೀಪ ಹಿಡಿದರು. ಆಗ ಆ ಸೈನ್ಯದ ಮುಖ್ಯ ಯೋಜಕನಾಗಿದ್ದ ಮೊಲ್ಟ್ಕೆ, ತರುಣನಾಗಿದ್ದಾಗ ಡೇನಿಷ್ ಸೈನ್ಯದಲ್ಲೇ ಅಧಿಕಾರಿಯಾಗಿದ್ದವನು. ಅಕ್ಟೋಬರ್ 30ರ ವಿಯೆನ್ನಾ ಒಪ್ಪಂದದಲ್ಲಿ ಡೆನ್ಮಾರ್ಕ್ ಶ್ಲೆಸ್ವಿಗ್, ಹೋಲ್‌ಸ್ಟೈನ್, ಲಾವೆನ್‌ಬುರ್ಗ್ ಮೂರು ಡಚಿಗಳನ್ನೂ ಬಿಟ್ಟುಕೊಟ್ಟಿತು. ಸುಮಾರು 2,00,000 ಡೇನಿಷ್ ಭಾಷಿಕರು ರಾತ್ರೋರಾತ್ರಿ ಪರನಾಡಿನ ಪ್ರಜೆಗಳಾದರು. ಹಂಚಿಕೆಗೆ ಒಪ್ಪಿದ್ದರೆ ಉಳಿಯಬಹುದಾಗಿದ್ದ ಜನ ಅವರು.

ಉಳಿದ ಪುಟ್ಟ ಡೆನ್ಮಾರ್ಕ್ ಒಳಮುಖವಾಗಿ ದುಡಿಯತೊಡಗಿತು ಎಂದು ಡೇನರು ತಮ್ಮ ಕತೆಯನ್ನು ಹೇಳಿಕೊಳ್ಳುತ್ತಾರೆ. ಎನ್ರಿಕೊ ಡಾಲ್ಗಾಸ್ 1866ರಲ್ಲಿ ಹೀತ್ ಸೊಸೈಟಿ ಕಟ್ಟಿ ಯೂಟ್ಲಂಡಿನ ಬಂಜರು ಬಯಲನ್ನು ಕಾಡು ಮತ್ತು ಹೊಲ ಮಾಡಿದ್ದು ನಿಜ. 1882ರಲ್ಲಿ ಹಿಯೆಡಿಂಗ್ ಎಂಬ ಹಳ್ಳಿಯಲ್ಲಿ ಮೊದಲ ಸಹಕಾರಿ ಡೇರಿ ಎದ್ದದ್ದೂ ನಿಜ. ಆದರೆ ಅಮೆರಿಕ ಮತ್ತು ರಷ್ಯದ ಅಗ್ಗದ ಧಾನ್ಯ ಯೂರೋಪಿಗೆ ಸುರಿದು ಬೆಲೆ ಕುಸಿಯದಿದ್ದರೆ ಡೇನಿಷ್ ರೈತ ಧಾನ್ಯ ಬಿಟ್ಟು ಬೆಣ್ಣೆಗೆ ತಿರುಗುತ್ತಿದ್ದನೇ? ಎಲ್ಲದಕ್ಕೂ 1864ರ ಸೋಲನ್ನೇ ಕಾರಣವಾಗಿಸುವುದು ನೊಂದ ಮನಸ್ಸಿಗೆ ಸಮಾಧಾನ, ಪೂರ್ತಿ ಚರಿತ್ರೆಯಲ್ಲ. ಆ ದಿಬ್ಬದ ಜೊತೆ ನೇರ ನಂಟಿರುವುದು ಶಾಲೆಗಳಿಗೆ. ಹಳ್ಳಿಯ ತರುಣರಿಗಾಗಿ ಪರೀಕ್ಷೆಯಿಲ್ಲದೆ ನಡೆಯುತ್ತಿದ್ದ ಮೊದಲ ಜನತಾ ಪ್ರೌಢಶಾಲೆ ಇದ್ದದ್ದು ಉತ್ತರ ಶ್ಲೆಸ್ವಿಗ್ಗಿನ ರೋಡಿಂಗ್‌ನಲ್ಲಿ, 1844ರಲ್ಲಿ ಆರಂಭವಾಗಿತ್ತು. ಗಡಿ ಸರಿದಾಗ ಅಲ್ಲಿನವರು ಹೊಸ ಗಡಿಯ ಉತ್ತರಕ್ಕೆ, ಆಸ್ಕೊವ್ ಎಂಬಲ್ಲಿಗೆ 1865ರಲ್ಲಿ ಶಾಲೆಯನ್ನು ಕೊಂಡೊಯ್ದರು. ಆಸ್ಕೊವ್ ಮುಂದೆ ಈ ಶಾಲೆಗಳಲ್ಲೆಲ್ಲ ಹೆಸರಾಂತದ್ದಾಯಿತು. ಮೈಸೂರು ಸೀಮೆಯ ವಯಸ್ಕರ ಶಿಕ್ಷಣ ಸಮಿತಿ ನಂಜನಗೂಡಿನಲ್ಲಿ ತೆರೆದ ವಿದ್ಯಾಪೀಠಕ್ಕೂ ಡೇನಿಷ್ ಜನತಾ ಶಾಲೆಗಳೇ ಮಾದರಿ.

ಗಡಿಯ ದಕ್ಷಿಣದಲ್ಲಿ ಉಳಿದವರ ಪಾಡು ಬೇರೆ. ಪ್ರಷ್ಯ ಮತ್ತು ಆಸ್ಟ್ರಿಯದ ನಡುವಿನ 1866ರ ಪ್ರಾಗ್ ಒಪ್ಪಂದದ ಐದನೆಯ ಕಲಮು ಉತ್ತರ ಶ್ಲೆಸ್ವಿಗ್ಗಿನ ಜನರ ಮತ ಕೇಳಲಾಗುವುದು ಎಂದಿತ್ತು. ಅವರು ಅದನ್ನು ನಂಬಿ ಕಾದರು, 1878ರಲ್ಲಿ ಅದನ್ನು ಹೊಡೆದುಹಾಕಲಾಯಿತು. 1888ರಿಂದ ಶಾಲೆಗಳಲ್ಲಿ ಧರ್ಮಪಾಠದ ಹೊರತು ಎಲ್ಲವೂ ಜರ್ಮನ್. ದಿಬ್ಬದ ಮೇಲೆ ಪ್ರಷ್ಯ ಎತ್ತರದ ವಿಜಯಸ್ತಂಭ ನಿಲ್ಲಿಸಿತು, ತನ್ನದೇ ಹೊಸ ಬುರುಜುಗಳನ್ನೂ ಕಟ್ಟಿತು. ಇಂದು ಪ್ರವಾಸಿಗಳು ಡೇನರದೆಂದು ನೋಡುವ ದಿಣ್ಣೆಗಳಲ್ಲಿ ಹಲವು ಪ್ರಷ್ಯನ್ನರವು. ಮೊದಲ ಮಹಾಯುದ್ಧದಲ್ಲಿ ಈ ಭಾಗದ ಸುಮಾರು 30,000 ಗಂಡಸರು ಜರ್ಮನ್ ಸಮವಸ್ತ್ರ ತೊಟ್ಟು ಹೋದರು. ಐದು ಸಾವಿರಕ್ಕೂ ಹೆಚ್ಚು ಜನ ಮರಳಲಿಲ್ಲ.

ಜರ್ಮನಿ ಸೋತ ಮೇಲೆ ಕೊನೆಗೂ ಮತ ಕೇಳಲಾಯಿತು. ಡೆನ್ಮಾರ್ಕಿನಲ್ಲಿ ಕೆಲವರು ಇಡೀ ಶ್ಲೆಸ್ವಿಗ್ ಬೇಡಿದರು; ಫ್ಲೆನ್ಸ್‌ಬುರ್ಗಾದರೂ ಬೇಕೆಂದವರು ಇನ್ನೂ ಹೆಚ್ಚು. ಆದರೆ ಬರ್ಲಿನ್ ಸಂಸತ್ತಿನಲ್ಲಿ ವರ್ಷಗಟ್ಟಲೆ ಡೇನಿಷ್ ಅಲ್ಪಸಂಖ್ಯಾತರ ದನಿಯಾಗಿದ್ದ ಎಚ್. ಪಿ. ಹಾನ್ಸೆನ್, ಜನ ನಿಜವಾಗಿ ಡೇನಿಷ್ ಆಗಿರುವಲ್ಲಿಗೆ ಗಡಿ ನಿಲ್ಲಲಿ ಎಂದ. ಗೆದ್ದ ಹೊತ್ತಿನಲ್ಲಿ ಕಡಿಮೆ ಕೇಳುವುದು ಸುಲಭವಲ್ಲ. 1920ರ ಫೆಬ್ರವರಿ 10ರಂದು ಉತ್ತರ ವಲಯ ಮತ ಹಾಕಿತು. ಡೆನ್ಮಾರ್ಕಿಗೆ 75,431, ಜರ್ಮನಿಗೆ 25,329. ಮಾರ್ಚ್ 14ರಂದು ಫ್ಲೆನ್ಸ್‌ಬುರ್ಗ್ ಇರುವ ಎರಡನೆಯ ವಲಯದಲ್ಲಿ ಶೇಕಡಾ 80ರಷ್ಟು ಮತ ಜರ್ಮನಿಗೆ. ಗಡಿ ಅಲ್ಲಿಯೇ ನಿಂತಿತು. ಈ ದಿಬ್ಬದ ಕತೆಯಲ್ಲಿ ಅತಿ ಮುಖ್ಯವಾದ ದಿನ ಆ ಫೆಬ್ರವರಿ 10 ಎನ್ನುವುದಕ್ಕೆ ಕಾರಣ, ಇಲ್ಲಿನ ಜನರನ್ನು ಯಾರಾದರೂ ಕೇಳಿದ್ದು ಅದೇ ಮೊದಲು. ಆ ಎಣಿಕೆಯೂ ಕಳಂಕವಿಲ್ಲದ್ದಲ್ಲ. ಉತ್ತರ ವಲಯದ ಮತವನ್ನು ಇಡಿಯಾಗಿ ಲೆಕ್ಕ ಹಾಕಿದ್ದರಿಂದ, ಜರ್ಮನಿಗೆ ಹೆಚ್ಚು ಮತ ಹಾಕಿದ ಸೊಂಡರ್‌ಬೋರ್ಗ್, ಓಬೆನ್ರೊ, ಟೊಂಡರ್ ಪೇಟೆಗಳೂ ಡೆನ್ಮಾರ್ಕಿಗೆ ಬಂದವು. ಅಂದರೆ ದಿಬ್ಬದಿಂದ ಕಣ್ಣಿಗೆ ಕಾಣುವ ಊರೇ ಈ ಗಡಿಯನ್ನು ಬಯಸಿರಲಿಲ್ಲ.

ಜುಲೈ 10ರಂದು ಹತ್ತನೆಯ ಕ್ರಿಶ್ಚಿಯನ್ ಬಿಳಿ ಕುದುರೆಯೇರಿ ಹಳೆಯ ಗಡಿ ದಾಟಿದ. ಮರುದಿನ ಡ್ಯುಬ್ಬೋಲಿನಲ್ಲಿ ಸಾವಿರಾರು ಜನ ಸೇರಿದರು. ಅವರು ನಿಂತು ಸಂಭ್ರಮಪಟ್ಟ ಬುರುಜು ಮಾತ್ರ ಪ್ರಷ್ಯನ್ನರು ಕಟ್ಟಿದ್ದು. 1935ರಲ್ಲಿ ಗಿರಣಿ ಮತ್ತೆ ಸುಟ್ಟಿತು, ಈ ಬಾರಿ ಬೆಂಕಿಯ ಆಕಸ್ಮಿಕದಿಂದ. ಮರುವರ್ಷವೇ ಕಟ್ಟಿ ನಿಲ್ಲಿಸಿದರು. ಪ್ರಷ್ಯದ ವಿಜಯಸ್ತಂಭವನ್ನು 1945ರ ಮೇ ತಿಂಗಳಲ್ಲಿ, ಎರಡನೆಯ ಮಹಾಯುದ್ಧದಲ್ಲಿ ಡೆನ್ಮಾರ್ಕಿನ ಮೇಲಿದ್ದ ಜರ್ಮನ್ ಹಿಡಿತ ಮುಗಿದ ಬೆನ್ನಿಗೆ, ಯಾರೋ ರಾತ್ರಿ ಸಿಡಿಸಿದರು.

ಎರಡೂ ಕಡೆ ಉಳಿದುಹೋದ ಅಲ್ಪಸಂಖ್ಯಾತರ ವಿಷಯ 1955ರ ಮಾರ್ಚ್ 29ರಂದು ಬಾನ್ ಮತ್ತು ಕೋಪನ್‌ಹೇಗನ್ ಸರ್ಕಾರಗಳು ಹೊರಡಿಸಿದ ಜೋಡಿ ಘೋಷಣೆಗಳಲ್ಲಿ ಒಂದು ನೆಲೆಗೆ ಬಂತು. ತಾನು ಡೇನ್ ಅಥವಾ ಜರ್ಮನ್ ಎಂದು ಒಬ್ಬ ವ್ಯಕ್ತಿ ಹೇಳಿಕೊಂಡರೆ ಅದೇ ಅಂತಿಮ. ಅಧಿಕಾರಿಗಳು ಅದನ್ನು ಪರೀಕ್ಷಿಸುವಂತಿಲ್ಲ. ಇಂದು ಸೊಂಡರ್‌ಬೋರ್ಗ್‌ನಲ್ಲಿ ಜರ್ಮನ್ ಶಾಲೆಯಿದೆ, ಫ್ಲೆನ್ಸ್‌ಬುರ್ಗ್‌ನಲ್ಲಿ ಡೇನಿಷ್ ಶಾಲೆಗಳಿವೆ. ಇತ್ತೀಚಿನ ವರ್ಷಗಳಲ್ಲಿ ಏಪ್ರಿಲ್ 18ರ ಸ್ಮರಣೆಗೆ ಜರ್ಮನ್ ಸೈನಿಕರೂ ದಿಬ್ಬ ಹತ್ತಿ ಬರುತ್ತಾರೆ. ಗಡಿಯ ದಕ್ಷಿಣದ ಡೇನರು ಮತ್ತು ಫ್ರೀಸಿಯನ್ನರ ಪಕ್ಷಕ್ಕೆ ಜರ್ಮನಿಯಲ್ಲಿ ಸಂಸತ್ತು ಸೇರಲು ಬೇಕಾದ ಶೇಕಡಾ 5ರ ಮತಮಿತಿಯಿಂದ ವಿನಾಯಿತಿಯಿದೆ. 2021ರ ಚುನಾವಣೆಯಲ್ಲಿ ಆ ಪಕ್ಷ ಹಲವು ದಶಕಗಳ ನಂತರ ಬರ್ಲಿನ್ ಸಂಸತ್ತಿನಲ್ಲಿ ಒಂದು ಸ್ಥಾನ ಗೆದ್ದಿತು.